ಸೀರೆ ಮೊದಲು ಹೊರಟಿತು

ಟಕ್, ಟಕ್, ಟಕ್. ತಗಡಿನ ಟ್ರಂಕಿನ ಮುಚ್ಚಳದ ಮೇಲೆ ಪೆನ್ಸಿಲಿನ ಹಿಂಭಾಗ ಬಡಿಯುವ ಸದ್ದು. ಮಂಡ್ಯದ ನಮ್ಮ ಮನೆಯ ನಡುಮನೆಯಲ್ಲಿ ಆ ಸದ್ದು ಎದ್ದಿತು ಅಂದರೆ ಅಪ್ಪ ರಜದ ಪ್ರೋಗ್ರಾಂ ಬರೆಯುತ್ತಿದ್ದಾರೆ ಅಂತ ಅರ್ಥ. ಒಳಗಿನಿಂದ ಅದಕ್ಕೆ ರುಬ್ಬುಗುಂಡಿನ ಗುರುಗುರು ಉತ್ತರ. ಪೆನ್ಸಿಲು ನಡುನಡುವೆ ಯೋಚನೆಗೆ ನಿಲ್ಲುತ್ತಿತ್ತು. ಗುಂಡು ನಿಲ್ಲುತ್ತಿರಲಿಲ್ಲ. ಗುಂಡು ತಿರುಗಿಸುವವಳಿಗೆ ಯೋಚನೆ ಮಾಡಲು ನಿಲ್ಲಬೇಕಾದ ಅಗತ್ಯವಿಲ್ಲ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಈಗ ನಮ್ಮ ಮನೆಯ ಹುಡುಗಿಯರು ಹಾಲಿಡೇಗೆ ಹೊರಡುವ ಮುಂಚೆ, "ಅಜ್ಜಿ, ಏನಾದ್ರೂ ಟಿಪ್ಸ್ ಕೊಡಿ" ಅಂತ ತಮಾಷೆಗೆ ಕೇಳುತ್ತಾರೆ. ನಾನು ಲಂಡನ್ ನೋಡಿದವಳಲ್ಲ, ಊಟಿ ನೋಡಿದ್ದೂ ಮೊಣಕಾಲು ಹೋದಮೇಲೆ. ಆದರೂ ಟಿಪ್ಸ್ ಇವೆ. ಎಲ್ಲವನ್ನೂ ಒಂದೇ ಒಂದು ಪ್ರವಾಸದಿಂದ ಕಲಿತದ್ದು, ಅದೂ ಪೂರಾ ಕೆಟ್ಟುಹೋದ ಪ್ರವಾಸ. ಸರಿಯಾಗಿ ನಡೆದ ಪ್ರವಾಸದಿಂದ ಫೋಟೋ ಸಿಗುತ್ತದೆ, ಅಷ್ಟೆ.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು. ಇಂಗ್ಲಿಷ್ ಅಂದರೆ ಪ್ರಾಣ. ನನ್ನನ್ನು ಮೈಸೂರಿನಲ್ಲಿ ಸೋದರಮಾವನ ಮನೆಯಲ್ಲಿ ಬಿಟ್ಟು ಕಾನ್ವೆಂಟಿಗೆ ಸೇರಿಸಿದ್ದೂ ಆ ಪ್ರೀತಿಯಿಂದಲೇ. ಪ್ರತಿ ಬೇಸಗೆಯಲ್ಲಿ ಅವರು ರೈಲ್ವೆ ಟೈಂಟೇಬಲ್ ಹರಡಿಕೊಂಡು ಸಿಮ್ಲಾ, ಡಾರ್ಜಿಲಿಂಗ್, ರಾಮೇಶ್ವರ ಎಂದೆಲ್ಲ ಪ್ರೋಗ್ರಾಂ ಹಾಕುವರು. ಆರೂವರೆಗೆ ಬಾತ್. ಏಳಕ್ಕೆ ಟಿಫಿನ್. ಎಂಟರಿಂದ ಒಂಬತ್ತು ಸೀನರಿ. ಒಂಬತ್ತರ ನಂತರ ಕಾಲು ಗಂಟೆ "ಅಡ್ಮಿರೇಷನ್" ಅಂತ ಬೇರೆಯೇ ಇಟ್ಟಿರುತ್ತಿದ್ದರು. ನೋಡುವಾಗಲೇ ಮೆಚ್ಚಿಕೊಂಡುಬಿಟ್ಟರೆ ಟೈಂ ಉಳಿಯುತ್ತದಲ್ಲ ಅಂತ ಅವರಿಗೆ ಹೇಳುವವರಿರಲಿಲ್ಲ. ಈ ಯಾವ ಊರಿಗೂ ನಾವು ಹೋಗಲಿಲ್ಲ. ಅಜ್ಜಿ, ಅಂದರೆ ಅಪ್ಪನ ಅಮ್ಮ, ಪಂಚಾಂಗ ತೆರೆಯುವಳು. ಸೋಮವಾರ, ಶನಿವಾರ ಮೂಡಲಿಗೆ ಹೊರಡಬಾರದು. ಗುರುವಾರ ತೆಂಕಲು ಬೇಡ. ಮಂಗಳವಾರ ಎತ್ತಲೂ ಬೇಡ. ಉಳಿದ ದಿನ ನೋಡಿದರೆ ತಿಥಿ ಸರಿಯಿಲ್ಲ, ತಿಥಿ ಸರಿಯಿದ್ದರೆ ನಕ್ಷತ್ರ ಮುನಿಸಿಕೊಂಡಿದೆ. ಅಷ್ಟರಲ್ಲಿ ಅಪ್ಪನ ರಜ ಮುಗಿದು, ಡಾರ್ಜಿಲಿಂಗ್ ಟ್ರಂಕಿನೊಳಗೆ ಹೋಗುವುದು.

ಆ ವರ್ಷ ಮಾತ್ರ ಬೇರೆಯಾಯಿತು, ಅದಕ್ಕೆ ಕಾನ್ವೆಂಟಿನ ಸಿಸ್ಟರ್ ಕಾರಣ. ರಜ ಕಳೆದ ಬಗೆಯನ್ನು ಕುರಿತು ಕಾಂಪೊಸಿಷನ್ ಬರೆಯಿರಿ ಅಂದಿದ್ದರು. ನಮ್ಮ ಹಸು ಕರು ಹಾಕಿದ್ದನ್ನು ನಾನು ವಿವರವಾಗಿ, ಒಂದೂ ಬಿಡದ ಹಾಗೆ, ಬರೆದಿದ್ದೆ. ಸಿಸ್ಟರ್ ಕೆಂಪು ಶಾಯಿಯಲ್ಲಿ "ಡಿಯರ್ ಚೈಲ್ಡ್, ಈಸ್ ದಿಸ್ ಎ ಹಾಲಿಡೇ?" ಎಂದು ಬರೆದು ಕಳಿಸಿದರು. ಹಸುವಿನ ದೃಷ್ಟಿಯಿಂದ ನೋಡಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅಪ್ಪನಿಗೆ ಮಾತ್ರ ಚುರುಕ್ಕೆಂದಿತು. ಈ ಸಲ ಮಗಳಿಗೆ ಒಂದು ಪ್ರಾಪರ್ ಹಾಲಿಡೇ ಆಗಲೇಬೇಕೆಂದು ಹಟ ತೊಟ್ಟು, ಸಿಮ್ಲಾ ಕೈಬಿಟ್ಟು, ಶಿವನಸಮುದ್ರದ ಜಲಪಾತ ಅಂತ ಗೊತ್ತುಮಾಡಿದರು. ಮದ್ದೂರಿನವರೆಗೆ ರೈಲು, ಅಲ್ಲಿಂದ ಮಳವಳ್ಳಿಗೆ ಬಸ್ಸು, ಮಳವಳ್ಳಿಯಿಂದ ಜಟಕಾ. ಒಂದು ರಾತ್ರಿ ಟ್ರಾವೆಲರ್ಸ್ ಬಂಗಲೆ. ಹೋಗುವವರು ಅಪ್ಪ ಮತ್ತು ನಾನು.

ಅಮ್ಮನ ಹೆಸರು ಪ್ರೋಗ್ರಾಂನಲ್ಲಿ ಇರಲಿಲ್ಲ. ಅಪ್ಪ ಕೆಟ್ಟವರಂತಲ್ಲ, ಅವರಿಗೆ ಹೊಳೆಯಲೇ ಇಲ್ಲ. ಅಜ್ಜಿಗೆ ಮಡಿಯಲ್ಲಿ ಅಡಿಗೆ ಆಗಬೇಕು, ಹಸು ಕರೆಯಬೇಕು, ಮನೆಗೆ ಬೀಗ ಹಾಕುವ ಪದ್ಧತಿ ಇಲ್ಲ. ತಮಾಷೆಯೆಂದರೆ ಅಮ್ಮ ಮಳವಳ್ಳಿಯಲ್ಲಿ ಹುಟ್ಟಿದವಳು. ಚುಕ್ಕಿಯ, ಅಂದರೆ ಆ ಜಲಪಾತದ, ನೀರು ಮಳೆಗಾಲದಲ್ಲಿ ಮೊರೆಯುವುದನ್ನು ಊರ ಗಂಡಸರೆಲ್ಲ ನೋಡಿಬಂದು ವರ್ಣಿಸಿದ್ದನ್ನು ಕೇಳುತ್ತಲೇ ಬೆಳೆದವಳು, ಒಮ್ಮೆಯೂ ನೋಡಿದವಳಲ್ಲ. ಹುಡುಗಿಯರು ಅಷ್ಟು ದೂರ ಹೋಗುವುದು ಹೇಗೆ ಅಂತ ಆಗ. ಮದುವೆಯಾದವಳು ಮನೆ ಬಿಟ್ಟು ಹೋಗುವುದು ಹೇಗೆ ಅಂತ ಆಮೇಲೆ. ಅವಳು ಕಂಡ ರಜ ಅಂದರೆ ಬಾಣಂತನ ಒಂದೇ, ಆ ರಜಕ್ಕೆ ತೆರಬೇಕಾದ ಬೆಲೆ ಎಲ್ಲ ಹೆಂಗಸರಿಗೂ ಗೊತ್ತು. ಎದುರುಮನೆಯ ಪೋಸ್ಟ್‌ಮಾಸ್ಟರ ಹೆಂಡತಿಯ ಹತ್ತಿರ ಅವಳು ಒಂದು ಮಧ್ಯಾಹ್ನ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು: "ಅಕ್ಕ, ಒಂದೇ ಒಂದು ಸಲ, ಯಾರಿಗೂ ಬಡಿಸದೆ, ಕೂತು ಏನನ್ನಾದರೂ ನೋಡಬೇಕು ಅನ್ಸತ್ತೆ." ಆಕೆ, "ನೋಡೋದಕ್ಕೇನು, ನನ್ನ ಮುಖ ನೋಡು" ಅಂದು ನಕ್ಕಿದ್ದಳು. ಅಮ್ಮ ನಗಲಿಲ್ಲ.

ಈಗ ಪರಸ್ಥಾನದ ವಿಷಯ ಹೇಳಬೇಕು. ನಿಮ್ಮಲ್ಲಿ ಅರ್ಧ ಜನಕ್ಕೆ ಅದು ಗೊತ್ತಿರಲಾರದು, ಗೊತ್ತಿಲ್ಲದೆಯೇ ಸುಖವಾಗಿದ್ದೀರಿ. ಅಜ್ಜಿ ಪಂಚಾಂಗ ನೋಡಿ ಒಳ್ಳೆಯ ಮುಹೂರ್ತ ಬುಧವಾರ ಬೆಳಿಗ್ಗೆ ಇದೆ ಅಂದಳು. ಅಪ್ಪನಿಗೆ ಬಿಡುವು ಶನಿವಾರ. ಇಂಥ ಇಕ್ಕಟ್ಟಿಗೆ ಹಿರಿಯರು ಒಂದು ದಾರಿ ಮಾಡಿದ್ದರು. ಹೊರಡುವವರ ಒಂದೊಂದು ಬಟ್ಟೆ, ಜೊತೆಗೆ ಹಿಡಿ ಅಕ್ಕಿ, ಅರಿಸಿನದ ಕೊಂಬು, ತೆಂಗಿನಕಾಯಿ ಇಟ್ಟು ಗಂಟು ಕಟ್ಟಿ, ಮುಹೂರ್ತಕ್ಕೆ ಸರಿಯಾಗಿ ಆ ದಿಕ್ಕಿನ ಯಾರದಾದರೂ ಮನೆಯಲ್ಲಿ ಇಟ್ಟುಬರುವುದು. ಬಟ್ಟೆ ಹೊರಟರೆ ಮನುಷ್ಯ ಹೊರಟ ಹಾಗೆ. ಆಮೇಲೆ ಶನಿವಾರ ರೈಲು ಹತ್ತಿದರೂ ಗ್ರಹಗಳ ಲೆಕ್ಕದಲ್ಲಿ ಅದು ಬುಧವಾರವೇ. ಇಷ್ಟು ಸುಲಭವಾಗಿ ಟೋಪಿ ಹಾಕಿಸಿಕೊಳ್ಳುವ ಗ್ರಹಗಳಿಗೆ ನಾವು ಹೆದರುವುದಾದರೂ ಏಕೆ ಅಂತ ನಾನು ಕೇಳಿದ್ದಕ್ಕೆ, ಕಾನ್ವೆಂಟಿನಲ್ಲಿ ನನ್ನ ತಲೆ ಕೆಟ್ಟಿದೆ ಅಂದಳು ಅಜ್ಜಿ. ಒಂದು ಕಟ್ಟುನಿಟ್ಟು ಇತ್ತು. ಪರಸ್ಥಾನದ ಗಂಟು ಪ್ರಯಾಣ ಮುಗಿಯದೆ ಮನೆಗೆ ವಾಪಸು ಬರಕೂಡದು. ಬಂದರೆ ಬಟ್ಟೆಯ ಒಡೆಯನಿಗೆ ಕೇಡು. ಬಟ್ಟೆ ಮುತ್ತೈದೆಯದಾದರೆ ಅವಳ ಗಂಡನಿಗೆ ಕೇಡು.

ಗಂಟು ಕಟ್ಟುವುದು ಹೆಂಗಸರ ಕೆಲಸ. ಬುಧವಾರ ಬೆಳಿಗ್ಗೆ ಅಮ್ಮ ಅಪ್ಪನ ಉತ್ತರೀಯ ಮಡಿಸಿಟ್ಟಳು, ನನ್ನ ಲಂಗ ಮಡಿಸಿಟ್ಟಳು. ಆಮೇಲೆ ಪೆಟ್ಟಿಗೆ ತೆರೆದು ತನ್ನ ರುದ್ರಾಕ್ಷಿ ಅಂಚಿನ ಹಸಿರು ಸೀರೆ ತೆಗೆದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳು ನನ್ನನ್ನು ನೋಡಿದಳು. ಸೀರೆಯನ್ನು ಅವಸರವಿಲ್ಲದೆ, ಅಂಚಿಗೆ ಅಂಚು ಕೂಡಿಸಿ ಮಡಿಸಿ, ಗಂಟಿನ ನಡುವೆ ಇಟ್ಟು, ಮೇಲೆ ಕಾಯಿಟ್ಟು ಕಟ್ಟಿದಳು. "ತಗೊಂಡು ಹೋಗಿ ನಿಮ್ಮಪ್ಪನ ಕೈಲಿ ಕೊಡು" ಅಂದಳು. ಅಪ್ಪ ಗಡಿಯಾರ ನೋಡುತ್ತ, ಮುಹೂರ್ತ ತಪ್ಪದ ಹಾಗೆ, ತಮ್ಮ ಹೆಂಡತಿಯನ್ನು ತಾವೇ ಎತ್ತಿಕೊಂಡು ಬೀದಿ ದಾಟಿ ಪೋಸ್ಟ್‌ಮಾಸ್ಟರ ನಡುಮನೆಯಲ್ಲಿ ಇಟ್ಟು ಬಂದರು.

ಮಧ್ಯಾಹ್ನದೊಳಗೆ ಪೋಸ್ಟ್‌ಮಾಸ್ಟರ ಹೆಂಡತಿ ನಮ್ಮ ಜಗಲಿಗೆ ಬಂದಳು. ಗಂಟಿನಿಂದ ಅಂಚು ಇಣುಕುತ್ತಿತ್ತಂತೆ.

"ಏನಮ್ಮ, ನಿಮ್ಮ ಸೊಸೇನೂ ಹೊರಟಿದ್ದಾಳಂತೆ, ನೀವು ಹೇಳಲೇ ಇಲ್ಲ?"

ಅಜ್ಜಿ ಎದ್ದು ಬೀದಿ ದಾಟಿ ಹೋಗಿ, ಗಂಟು ಮುಟ್ಟದೆ ಬಗ್ಗಿ ನೋಡಿ, ಅಷ್ಟೇ ವೇಗದಲ್ಲಿ ವಾಪಸು ಬಂದಳು. "ಏನೇ ಇದು?"

"ಕತ್ತಲೇಲಿ ಕೈಗೆ ಸಿಕ್ಕಿದ್ದು ಕಟ್ಟಿದೆ, ಅತ್ತೆ" ಅಂದಳು ಅಮ್ಮ. ಬೆಳಕು ಚೆನ್ನಾಗಿಯೇ ಇತ್ತು. ನಾನು ಬಾಯಿ ಬಿಡಲಿಲ್ಲ.

ಅಪ್ಪ ಕಚೇರಿಯಿಂದ ಬಂದ ಮೇಲೆ ವಿಚಾರಣೆ ನಡೆಯಿತು. "ಇದೆಲ್ಲ ಸೂಪರ್‌ಸ್ಟಿಷನ್, ಅಮ್ಮ" ಅಂದರು ಅವರು. "ಟೆಕ್ನಿಕಲಿ ನೋಡಿದರೆ ಸೀರೆ ಬೇರೆ, ಇವಳು ಬೇರೆ."

"ಸರಿ ಹಾಗಾದರೆ" ಅಂದಳು ಅಜ್ಜಿ. "ನೀನೇ ಹೋಗಿ ಗಂಟು ಬಿಚ್ಚಿ ಸೀರೆ ವಾಪಸು ತಗೊಂಡು ಬಾ. ಕೇಡು ಬರೋದು ನಿನಗೇ ಕಣೋ, ನನಗಲ್ಲ."

ಅಪ್ಪ ಚಪ್ಪಲಿ ಹಾಕಿಕೊಂಡರು. ಬಾಗಿಲತನಕ ಹೋದರು. ಮಳೆ ಬರುತ್ತದೇನೋ ಅಂತ ಆಕಾಶ ನೋಡಿದರು. ಚಪ್ಪಲಿ ಬಿಟ್ಟು ಬಂದು ಕೂತರು. ಟಿಪ್ ಬೇಕಿದ್ದರೆ ಇಲ್ಲಿ ತಗೊಳ್ಳಿ: ಹಾಲಿಡೇಗೆ ಮನೆಯವರನ್ನು ಒಪ್ಪಿಸುವುದು ಕಷ್ಟವಾದರೆ ಅವರ ನಂಬಿಕೆಯ ವಿರುದ್ಧ ಮಾತಾಡಬೇಡಿ, ಅದನ್ನು ಅವರಿಗಿಂತ ಒಂದು ಹೆಜ್ಜೆ ಜಾಸ್ತಿ ನಂಬಿಬಿಡಿ. ಅಮ್ಮ ಮಾಡಿದ್ದು ಅದನ್ನೇ.

"ಅತ್ತೆ" ಅಂದಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ನಾನು ಹೊರಟಾಯ್ತು ಅಂತ ನೀವೇ ಅಂತೀರಿ. ಹೊರಟವಳು ಈ ಒಲೆ ಮುಂದೆ ಕೂತರೆ ಪ್ರಯಾಣ ಮುರಿದ ಹಾಗಲ್ವೇ? ಇವರಿಗೇನಾದ್ರೂ ಆದರೆ?"

ಅಜ್ಜಿ ಪಂಚಾಂಗ ತೆರೆದಳು, ಮುಚ್ಚಿದಳು. ಅಮ್ಮ ಬಾಚಣಿಗೆ ಮತ್ತು ಒಂದು ಚೊಂಬು ತೆಗೆದುಕೊಂಡು, ಬೀದಿ ದಾಟಿ, ಎದುರುಮನೆಯ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಳು. ನಮ್ಮಮ್ಮನ ಮೊದಲ ವೆಕೇಷನ್ ಶುರುವಾದದ್ದು ಹಾಗೆ, ನಮ್ಮ ಮನೆಯಿಂದ ಒಂದು ಎತ್ತಿನ ಗಾಡಿ ಹಾಯುವಷ್ಟು ದೂರದಲ್ಲಿ.

ಶನಿವಾರದವರೆಗೆ ಅವಳು ಅಲ್ಲೇ ಇದ್ದಳು. ಪೋಸ್ಟ್‌ಮಾಸ್ಟರ ಮನೆಯವರು ನಮ್ಮವರೇ, ಊಟಕ್ಕೆ ತೊಂದರೆಯಿಲ್ಲ. ಬೇರೆಯವರು ಮಾಡಿದ ಹುಳಿ ಉಂಡು, ಎಲೆ ಅಡಿಕೆ ಹಾಕಿಕೊಂಡು, ನಮ್ಮ ಮನೆಯನ್ನು ನಾಟಕ ನೋಡುವ ಹಾಗೆ ನೋಡುವಳು. ನಾಟಕ ಚೆನ್ನಾಗಿತ್ತು ಅಂತಲೇ ಹೇಳಬೇಕು. ಅಪ್ಪ ಬಾವಿಯಲ್ಲಿ ಹಗ್ಗ ಸಮೇತ ಕೊಡ ಬಿಟ್ಟರು. ಹಸು ಅಪ್ಪನನ್ನು ಹತ್ತಿರ ಸೇರಿಸಲಿಲ್ಲ. ಕೊನೆಗೆ ಪೋಸ್ಟ್‌ಮಾಸ್ಟರ ಹೆಂಡತಿಯೇ ಬಂದು ಕರೆದುಕೊಟ್ಟಳು. ಅಜ್ಜಿ ಮಾತ್ರ ನಮ್ಮನ್ನು ಬೆರಗು ಮಾಡಿದಳು. ಸೊಂಟ ಹಿಡಿದಿದೆ, ಕಣ್ಣು ಕಾಣಿಸದು ಅನ್ನುತ್ತಿದ್ದವಳು ಸೀರೆ ಎತ್ತಿ ಕಟ್ಟಿ ಒಲೆ ಹಚ್ಚಿ ಮಾಡಿದ ಸಾರು ಬೀದಿಗೆಲ್ಲ ಘಮಘಮಿಸಿತು. "ನಿಮ್ಮತ್ತೆ ಕೈ ರುಚಿ ಹೋಗಿಲ್ಲ ಕಣೇ" ಅಂದಳಂತೆ ಪೋಸ್ಟ್‌ಮಾಸ್ಟರ ಹೆಂಡತಿ. "ಹೋಗಿಲ್ಲ, ಬಚ್ಚಿಟ್ಟಿದ್ರು" ಅಂದಳಂತೆ ಅಮ್ಮ.

ನಾನು ಎರಡೂ ಮನೆಗೆ ಓಡಾಡಿಕೊಂಡಿದ್ದೆ. ನನ್ನ ಲಂಗವೂ ಹೊರಟಿತ್ತಲ್ಲ, ಆದರೆ ನನ್ನ ಬಗ್ಗೆ ಗ್ರಹಗಳು ತಲೆ ಕೆಡಿಸಿಕೊಂಡಿರಲಿಲ್ಲ. ಅಪ್ಪನ ಉತ್ತರೀಯವೂ ಹೊರಟಿತ್ತು, ಅವರು ದಿನಾ ಮನೆಯಲ್ಲೇ ಉಂಡು ಕಚೇರಿಗೆ ಹೋಗುತ್ತಿದ್ದರು. ಅದನ್ನು ಯಾರೂ ಕೇಳಲಿಲ್ಲ. ಆ ಬೀದಿಯಲ್ಲಿ ಶಾಸ್ತ್ರ ಗಂಡಸರನ್ನು ಅಷ್ಟಾಗಿ ಹಿಡಿಯುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಗಂಟನ್ನೂ ಎತ್ತಿಕೊಂಡು ಮೂವರೂ ಹೊರಟೆವು. ಮದ್ದೂರು ಸ್ಟೇಷನ್ನಿನಲ್ಲಿ ಇಳಿದು ಬಸ್ಸಿನ ಹತ್ತಿರ ಬಂದರೆ, ತುಂಬಿದ ಮೇಲೆ ಹೊರಡುವುದು ಅಂದ ಕಂಡಕ್ಟರು. ನಮ್ಮ ಕಣ್ಣಿಗೆ ಆಗಲೇ ತುಂಬಿತ್ತು. ಅವನ ಕಣ್ಣಿಗೆ ಇನ್ನೂ ಒಂದು ಮದುವೆ ದಿಬ್ಬಣಕ್ಕೆ ಜಾಗವಿತ್ತು. "ಸೊಲ್ಪ ಸರೀರವ್ವ. ಲೇ, ಆ ಕೋಳಿ ಬುಟ್ಟಿ ಕಾಲ್ ಕೆಳ್ಗೆ ಮಡಗ್ಲಾ. ಸ್ವಾಮಿ, ನೀವೂ ಒಸಿ ಒತ್ರಿಸ್ಕೊಳಿ, ಪೇಪರ್ ಆಮ್ಯಾಕೆ ನೋಡೀರಂತೆ." ಅಪ್ಪ ಪ್ರೋಗ್ರಾಂ ಮಡಿಸಿ ಜೇಬಿಗಿಟ್ಟರು. ಪ್ರೋಗ್ರಾಂ ಪ್ರಕಾರ ನಾವು ಆಗಲೇ ಮಳವಳ್ಳಿ ತಲುಪಿದ್ದೆವು.

ಅಮ್ಮನ ಪಕ್ಕದಲ್ಲಿ ಪೂರಿಗಾಲಿ ಕಡೆಯ ಒಬ್ಬ ದಪ್ಪನೆಯ ಹೆಂಗಸು. ಬಸ್ಸು ಹೊರಟು ಊರು ದಾಟುವಷ್ಟರಲ್ಲಿ ಕೇಳಲು ಶುರುಮಾಡಿದಳು.

"ಎಲ್ಗವ್ವ ಓಯ್ತಾ ಇರೋದು?"

"ಮಳವಳ್ಳಿಗೆ. ಅಲ್ಲಿಂದ ಚುಕ್ಕಿಗೆ."

"ಯಾರಾರ ಓಗ್ಬುಟ್ರಾ?"

"ಇಲ್ಲಮ್ಮ."

"ಬಾಣಂತನವಾ?"

"ಅಲ್ಲ."

"ಮತ್ತೆ ಮದ್ವೆನಾ? ಚುಕ್ಕಿ ತಾವ ನಿಮ್ಮೋರು ಯಾರವ್ರೆ?"

"ಯಾರೂ ಇಲ್ಲ."

ಆಕೆ ಅಮ್ಮನ ಮುಖವನ್ನೇ ನೋಡಿದಳು. "ಯಾರೂ ಇಲ್ದಿದ್ ಕಡೀಕೆ ಯಾಕವ್ವ ಓದೀರಿ?"

"ಯಾರೂ ಇಲ್ಲ ಅಂತಲೇ ಕಣಮ್ಮ."

ಬಸ್ಸಿನ ಗದ್ದಲದ ಮೇಲೆ ಒಮ್ಮೆಲೇ ನಗು ಬಂತು ಅವಳಿಗೆ. "ಅಂಗಾರೆ ನನ್ನೂವೆ ಕರ್ಕೊಂಡೋಗಿ" ಅಂದಳು. ಇಳಿಯುವಾಗ ತನ್ನ ಮಡಿಲಿನಿಂದ ನಾಲ್ಕು ಹುಣಸೆಹಣ್ಣು ತೆಗೆದು ಅಮ್ಮನ ಕೈಗೆ ಹಾಕಿದಳು. ಅಮ್ಮ ಮಡಿ ಮೈಲಿಗೆ ನೋಡದೆ ಒಂದನ್ನು ಅಲ್ಲೇ ಚೀಪಿದಳು. ಅಪ್ಪ ಕಿಟಕಿಯಾಚೆ ನೋಡಿದರು. ಅದು ಸೀನರಿಯ ಹೊತ್ತಲ್ಲವಾದರೂ.

ಮಳವಳ್ಳಿಯಲ್ಲಿ ಜಟಕಾ ಹಿಡಿದು ಹೋಗುವ ದಾರಿಯುದ್ದಕ್ಕೂ ಅಪ್ಪ ನಮ್ಮನ್ನು ಸಿದ್ಧಗೊಳಿಸಿದರು. ಮೈಲಿ ದೂರದಿಂದಲೇ ಮೊರೆತ ಕೇಳಿಸುತ್ತದೆ. ಹೆದರಬಾರದು. ತುಂತುರು ಮುಖಕ್ಕೆ ಹೊಡೆಯುತ್ತದೆ, ಟವೆಲು ಹೊರಗಿಟ್ಟುಕೊಳ್ಳಿ. ನಾವು ಟವೆಲು ತೊಡೆಯ ಮೇಲೆ ಇಟ್ಟುಕೊಂಡು, ಕಿವಿ ನಿಮಿರಿಸಿಕೊಂಡು ಕೂತೆವು. ಕುದುರೆಯ ಗೆಜ್ಜೆ ಬಿಟ್ಟು ಬೇರೇನೂ ಕೇಳಲಿಲ್ಲ. ಗಾಡಿ ನಿಂತಿತು. ಇಳಿದೆವು. ಅಂಚಿಗೆ ಹೋಗಿ ನಿಂತೆವು.

ಬಂಡೆ. ದೊಡ್ಡ ದೊಡ್ಡ, ಕರಿಯ, ಬಿಸಿಲಿಗೆ ಕಾದ ಬಂಡೆ. ಅದರ ಒಂದು ಮೂಲೆಯಲ್ಲಿ ಎಣ್ಣೆ ಕಾಣದ ಕೂದಲಿನ ಹಾಗೆ ಎರಡು ಎಳೆ ನೀರು, ಬೀಳಬೇಕೋ ಬೇಡವೋ ಎಂದು ಯೋಚಿಸುತ್ತ ಇಳಿಯುತ್ತಿತ್ತು. ಕೆಳಗೆ ಕೋತಿಗಳು ಕೂತು ಒಂದರ ತಲೆ ಒಂದು ನೋಡುತ್ತಿದ್ದವು. ನಾವು ವಾರ ನೋಡಿದ್ದೆವು, ತಿಥಿ ನೋಡಿದ್ದೆವು, ದಿಕ್ಕು, ನಕ್ಷತ್ರ, ರಾಹುಕಾಲ, ರೈಲಿನ ಟೈಂಟೇಬಲ್, ಬಂಗಲೆಯ ಮಂಚ, ಎಲ್ಲ ನೋಡಿದ್ದೆವು. ಬೇಸಗೆಯಲ್ಲಿ ಹೊಳೆಯಲ್ಲಿ ನೀರಿರುತ್ತದೆಯೇ ಅನ್ನುವುದನ್ನು ಯಾರೂ ನೋಡಿರಲಿಲ್ಲ. ಅಪ್ಪನಿಗೆ ಸಿಸ್ಟರ ಕೆಂಪು ಶಾಯಿಯ ಯೋಚನೆ, ಅಜ್ಜಿಗೆ ಗ್ರಹಗಳ ಯೋಚನೆ. ಅಮ್ಮನಿಗೆ, ಹೊರಗೆ ಬರುವುದು ಹೇಗೆ ಅನ್ನುವ ಒಂದೇ ಯೋಚನೆ. ಈ ಟಿಪ್ ನಿಮಗೆ ಬೇಡ, ನಿಮ್ಮ ಕಂಪ್ಯೂಟರು ಹೇಳುತ್ತದೆ.

ನಾನು ಅಮ್ಮನ ಕಡೆ ನೋಡಲು ಹೆದರಿದೆ. ಆ ಎರಡು ಎಳೆ ನೀರಿಗಾಗಿ ಅವಳು ಮಾಡಿದ್ದು ಎಷ್ಟು ದೊಡ್ಡದು ಎಂದು ಹನ್ನೊಂದು ವರ್ಷದ ಹುಡುಗಿಗೂ ಗೊತ್ತಿತ್ತು. ಮನೆಗೆ ಹೋದ ಮೇಲೆ ಅಜ್ಜಿ ಏನು ಕೇಳುತ್ತಾಳೆ ಅಂತಲೂ ಗೊತ್ತಿತ್ತು. ಹೀಗೊಂದು ಸಲ ಬರಿಗೈಯಲ್ಲಿ ವಾಪಸು ಹೋದರೆ ಇನ್ನೊಂದು ಸಲ ಯಾರೂ ಅವಳನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ.

ಅಪ್ಪ ಕೆಮ್ಮಿದರು. "ನೀರೆಲ್ಲ ಕರೆಂಟಿಗೆ ಹೋಗಿರಬೇಕು" ಅಂದರು. "ಮಳೆಗಾಲದಲ್ಲಿ ಇಟ್ ಈಸ್ ಮೋಸ್ಟ್ ಮ್ಯಾಗ್ನಿಫಿಸೆಂಟ್." ಆಮೇಲೆ, ಅವರ ಜನ್ಮದಲ್ಲಿ ನಾನು ಮತ್ತೆ ಕೇಳದ ದನಿಯಲ್ಲಿ, "ನನ್ನದೇ ತಪ್ಪು ಕಣೇ" ಅಂದರು.

ಅಮ್ಮ ಕೆಳಗಿಳಿಯುವ ದಾರಿ ಹುಡುಕುತ್ತಿದ್ದಳು. ಸೀರೆ ಮೇಲೆತ್ತಿ ಸಿಕ್ಕಿಸಿ, ಬಂಡೆಯಿಂದ ಬಂಡೆಗೆ, ನನ್ನ ಕೈ ಹಿಡಿದು ಇಳಿದು, ಮಡುವಿನಲ್ಲಿ ಉಳಿದಿದ್ದ ನೀರಿಗೆ ಕಾಲಿಳಿಬಿಟ್ಟು ಕೂತಳು. ಮೇಲೆ ನೋಡಿದಳು. ನೀರು ಎಲ್ಲಿಂದ ಬೀಳಬೇಕು, ಎಲ್ಲಿ ಬಂದು ಅಪ್ಪಳಿಸಬೇಕು, ಬಂಡೆಯನ್ನು ಎಷ್ಟು ಎತ್ತರದವರೆಗೆ ನುಣ್ಣಗೆ ಮಾಡಿದೆ, ಎಲ್ಲವನ್ನೂ ಗುರುತು ಹಾಕಿಕೊಳ್ಳುವವಳ ಹಾಗೆ ಒಂದೊಂದೇ ನೋಡಿದಳು. ಅಪ್ಪ ಬುತ್ತಿಯ ಡಬ್ಬಿ ಹಿಡಿದುಕೊಂಡು ತೊಡರುತ್ತ ಬಂದರು. ಅಮ್ಮ ಏಳಲಿಲ್ಲ. ಕೈ ಚಾಚಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಡಬ್ಬಿ ಹಿಡಿದು ನಿಂತಿದ್ದು, ಮುಚ್ಚಳ ತೆಗೆದು, ಮುತ್ತುಗದ ಎಲೆ ಹಾಸಿ, ಪುಳಿಯೋಗರೆ ಬಡಿಸಿದರು. ಎಲೆಯ ಮೇಲಕ್ಕಿಂತ ಬಂಡೆಯ ಮೇಲೆ ಜಾಸ್ತಿ ಬಡಿಸಿದರು. ಕೋತಿಗಳಿಗೆ ಅದು ಒಳ್ಳೆಯ ಹಾಲಿಡೇ ಆಯಿತು.

ಭಾನುವಾರ ಸಂಜೆ ಮನೆ ಸೇರಿದಾಗ ಅಜ್ಜಿ ಜಗಲಿಯ ಮೇಲೇ ಕಾದಿದ್ದಳು. ಅಪ್ಪನ ಮುಖ ನೋಡಿದ್ದೇ ವಿಷಯ ತಿಳಿದುಹೋಯಿತು ಅವಳಿಗೆ. ಸೊಸೆಯ ಕಡೆ ತಿರುಗಿದಳು.

"ಏನಮ್ಮ, ಏನು ನೋಡಿಕೊಂಡು ಬಂದೆ ಅಷ್ಟು ದೂರ ಹೋಗಿ?"

ಅಮ್ಮ ಕಾಲು ತೊಳೆಯುತ್ತಿದ್ದಳು. "ನೀರು ಬೀಳೋ ಜಾಗ ನೋಡಿಕೊಂಡು ಬಂದೆ, ಅತ್ತೆ. ಬೀಳೋವಾಗ ಇನ್ನೊಂದು ಸಲ ಹೋಗ್ತೀನಿ."

ಅಜ್ಜಿ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ, "ಸಾರು ಮಾಡಿದೀನಿ, ಬಿಸಿ ಇದೆ" ಅಂದಳು.

ಆ ಇನ್ನೊಂದು ಸಲ ಬೇಗ ಬರಲಿಲ್ಲ. ಒಂದು ಮಳೆಗಾಲ ಅಜ್ಜಿಗೆ ಕಾಯಿಲೆ. ಮತ್ತೊಂದು ಮಳೆಗಾಲ ತಮ್ಮನ ಬಾಣಂತನ. ಅಜ್ಜಿ ತೀರಿಕೊಂಡ ವರ್ಷ ಮೈಲಿಗೆ, ಅದರ ಮುಂದಿನ ವರ್ಷ ನನ್ನ ಮದುವೆ. ಕಾನ್ವೆಂಟು ಬಿಟ್ಟು, ಶೇಕ್ಸ್‌ಪಿಯರ್ ಅರ್ಧಕ್ಕೆ ನಿಲ್ಲಿಸಿ, ನಾನು ನಾಗಪುರದಲ್ಲಿ ರೈಲ್ವೆ ಕೆಲಸದಲ್ಲಿದ್ದವರ ಹೆಂಡತಿಯಾಗಿ ಹೋದೆ. ರೈಲಿನವರನ್ನು ಮದುವೆಯಾದರೆ ಊರೂರು ನೋಡಬಹುದು ಅಂದುಕೊಂಡಿದ್ದೆ. ಅವರು ಊರೂರು ನೋಡಿದರು.

ಮೊದಲ ಸಲ ತವರಿಗೆ ಬಂದದ್ದು ಶ್ರಾವಣದಲ್ಲಿ. ವಾರಗಟ್ಟಲೆ ಮಳೆ. ಹೊಳೆ ತುಂಬಿದೆ, ಚುಕ್ಕಿ ಭೋರೆನ್ನುತ್ತಿದೆ ಅಂತ ಬಸ್ಸಿನವರು ಸುದ್ದಿ ತಂದರು. ನಾನು ನಾಗಪುರಕ್ಕೆ ವಾಪಸು ಹೊರಡಬೇಕಾಗಿದ್ದ ದಿನ ಬೆಳಿಗ್ಗೆ ಅಮ್ಮ ತಲೆ ಬಾಚಿಕೊಂಡು, ಪೋಸ್ಟ್‌ಮಾಸ್ಟರ ಹೆಂಡತಿಯನ್ನು ಕರೆದುಕೊಂಡು ಸಿದ್ಧಳಾಗಿ ನಿಂತಿದ್ದಳು. ಅಪ್ಪ ಪೇಪರಿನಿಂದ ತಲೆ ಎತ್ತಿ, "ಮಗಳು ಹೊರಡೋ ದಿನವೇ ಹೋಗಬೇಕೇನೇ?" ಅಂದರು.

"ಮಗಳ ರೈಲು ಸಾಯಂಕಾಲ. ನೀರು ಈಗ" ಅಂದಳು ಅಮ್ಮ.

ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಬಸ್ ಸ್ಟ್ಯಾಂಡಿನವರೆಗೆ ಛತ್ರಿ ಹಿಡಿದುಕೊಂಡು ಹೋದೆ. ಆ ಹೊತ್ತಿಗೆ ಮಂಡ್ಯದಿಂದಲೇ ಮಳವಳ್ಳಿಗೆ ಬಸ್ಸಿತ್ತು. ಇಬ್ಬರೂ ಹತ್ತಿದರು. ಕಿಟಕಿಯ ಪಕ್ಕದ ಜಾಗದಲ್ಲಿ ಯಾರೋ ಹೆಂಗಸು ಆಗಲೇ ಕೂತಿದ್ದಳು. ಅಮ್ಮ ಅವಳಿಗೆ ಏನೋ ಹೇಳುತ್ತಿದ್ದಳು, ಅವಳು ಏನೋ ಹೇಳುತ್ತಿದ್ದಳು, ಗಾಜಿನಾಚೆ ನನಗೆ ಕೇಳಿಸಲಿಲ್ಲ. ನಾನು ಕೈ ಎತ್ತಿ, ಅವಳು ಈಗ ತಿರುಗುತ್ತಾಳೆ, ಈಗ ತಿರುಗುತ್ತಾಳೆ ಅಂತ ಮಳೆಯಲ್ಲಿ ನಿಂತಿದ್ದೆ. ಬಸ್ಸು ಹೊರಟಿತು. ಆ ಹೆಂಗಸು ಎದ್ದು ಜಾಗ ಬಿಟ್ಟಳು. ಅಮ್ಮ ಕಿಟಕಿಗೆ ಸರಿದು, ಸೆರಗು ಸರಿಮಾಡಿಕೊಂಡು, ಬಸ್ಸು ಹೋಗುವ ದಿಕ್ಕಿಗೆ ಮುಖ ಮಾಡಿ ಕೂತಳು.

ಆ ಚಳಿಗಾಲದಲ್ಲಿ ಅಮ್ಮ ಹೋದಳೆಂದು ಟೆಲಿಗ್ರಾಂ ಬಂದಾಗ ನಾನು ನಾಗಪುರದಲ್ಲಿದ್ದೆ. ಚುಕ್ಕಿ ನೋಡಿ ಅಮ್ಮ ಏನಂದಳು ಅಂತ ಪೋಸ್ಟ್‌ಮಾಸ್ಟರ ಹೆಂಡತಿಯನ್ನು ಆಮೇಲೆ ಕೇಳಿದೆ. ಹೊರಡೋಣ ಬಾ ಅಂತ ಕರೆದರೆ, "ಸುಮ್ನೆ ಕೂತ್ಕೊಳಿ ಅಕ್ಕ" ಅಂದಳಂತೆ. ನಾನು ಕಂಡದ್ದು ಮಾತ್ರ ಇಷ್ಟೇ: ಮಳೆ ಹೊಡೆಯುತ್ತಿದ್ದ ಗಾಜು, ಅದರ ಹಿಂದೆ ನನ್ನ ಕಡೆ ತಿರುಗದ ಅವಳ ಕಿವಿ, ಓಲೆ, ಕೆನ್ನೆಯ ಒಂದು ಬದಿ.